ಮೂರು ಮೂರ್ತಿಗಳ ಹಿಂದಿನ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಸರಕಾರಿ ಕೆಲಸಕ್ಕೆಂದು ದಿಲ್ಲಿಗೆ ಬಂದು ನೆಲೆಸಿದ ನಮ್ಮಂಥವರಲ್ಲಿ ಹೆಚ್ಚಿನವರು ಎರಡನೆಯದನ್ನು ಮಾತ್ರ ಮಾಡಿ ನೋಡಿದವರು. ಮೊದಲನೆಯದನ್ನು ಸರಕಾರವೇ ನಮ್ಮ ಪರವಾಗಿ ಮಾಡಿ, ಕೈಗೆ ಒಂದು ಅಲಾಟ್‌ಮೆಂಟ್ ಕಾಗದ ಕೊಟ್ಟಿದೆ. ಆ ಕಾಗದದಲ್ಲಿರುವುದು ನಮ್ಮ ಹೆಸರು. ಮನೆ ಮಾತ್ರ ನಮ್ಮದಲ್ಲ, ನಮ್ಮ ಹುದ್ದೆಯದು. ಗೋಡೆಗೆ ಮೊಳೆ ಹೊಡೆಯುವಾಗಲೂ ಕೈ ಒಂದು ಕ್ಷಣ ತಡೆಯುತ್ತದೆ. ಹೀಗಿದ್ದರೂ ಆ ಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೇವೆ, ಅದರ ಅಂಗಳದಲ್ಲಿ ರಂಗೋಲಿ ಹಾಕಿದ್ದೇವೆ, ಅಲ್ಲಿ ಮಕ್ಕಳನ್ನು ಬೆಳೆಸಿದ್ದೇವೆ.

ಈ ಮಾತನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಈ ಲೇಖನದಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಪುಸ್ತಕವನ್ನಲ್ಲ, ನಾಟಕವನ್ನಲ್ಲ, ಒಂದು ಮನೆಯನ್ನು. ತೀನ್ ಮೂರ್ತಿ ಭವನ ದಿಲ್ಲಿಯಲ್ಲಿರುವ ನಮಗೆಲ್ಲ ಪರಿಚಿತವೇ. ಊರಿನಿಂದ ನೆಂಟರು ಬಂದಾಗ ಕೆಂಪುಕೋಟೆ, ಕುತುಬ್ ಮಿನಾರ್ ಮುಗಿಸಿ, ಸಂಜೆಗೆ ಸಮಯ ಉಳಿದರೆ ಅಲ್ಲಿಗೂ ಒಂದು ಸುತ್ತು ಕರೆದೊಯ್ಯುತ್ತೇವೆ. ನೆಂಟರು ನೆಹರೂ ಅವರ ಚಿತ್ರಗಳನ್ನು ನೋಡುತ್ತಾರೆ, ಮಕ್ಕಳು ತಾರಾಲಯಕ್ಕೆ ಓಡುತ್ತವೆ. ಮನೆಯನ್ನು ಮನೆಯಾಗಿ ನೋಡುವವರು ಕಡಿಮೆ. ನಾವು ಕೂಡ ಅನೇಕ ವರ್ಷ ಹಾಗೆಯೇ ನೋಡಿ ಬಂದವರು. ಅದನ್ನು ಒಂದು ಸರಕಾರಿ ಕ್ವಾರ್ಟರ್ಸ್ ಎಂದು ತಿಳಿದು ನೋಡಿದರೆ ಅದರ ಸೊಗಸೂ ಅದರ ಕೊರತೆಯೂ ಒಟ್ಟಿಗೆ ಕಾಣಿಸುತ್ತವೆ ಎಂಬುದು ಈಚೆಗೆ ನಮಗೆ ಹೊಳೆದ ವಿಚಾರ. ಅದನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಸ್ವಲ್ಪ ಇತಿಹಾಸ. 1911ರ ಡಿಸೆಂಬರ್ 12ರಂದು ದಿಲ್ಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯು ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತರುವುದಾಗಿ ಸಾರಿದ. ಹೊಸ ನಗರದ ಉದ್ಘಾಟನೆಯಾಗುವ ಹೊತ್ತಿಗೆ 1931 ಬಂದಿತ್ತು. ಈ ಇಪ್ಪತ್ತು ವರ್ಷಗಳಲ್ಲಿ ಎದ್ದ ಕಟ್ಟಡಗಳ ಮಾತು ಬಂದಾಗ ಎಲ್ಲರ ಬಾಯಲ್ಲಿಯೂ ಎರಡು ಹೆಸರು: ವೈಸರಾಯರ ಅರಮನೆಯನ್ನು ಕಟ್ಟಿದ ಎಡ್ವಿನ್ ಲುಟೆನ್ಸ್, ಸೆಕ್ರೆಟೇರಿಯಟ್ ಕಟ್ಟಿದ ಹರ್ಬರ್ಟ್ ಬೇಕರ್. ಅದರಲ್ಲಿಯೂ ಲುಟೆನ್ಸ್ ಹೆಸರು ಇಡೀ ನಗರಭಾಗಕ್ಕೇ ಅಂಟಿಕೊಂಡಿದೆ. ಪತ್ರಿಕೆಗಳು ಇಲ್ಲಿನ ಪ್ರತಿಯೊಂದು ಬಿಳಿಯ ಬಂಗಲೆಯನ್ನೂ ಲುಟೆನ್ಸ್ ಬಂಗಲೆ ಎಂದೇ ಬರೆಯುತ್ತವೆ. ನಿಜ ಸ್ಥಿತಿ ಬೇರೆ. ಈ ಬಂಗಲೆಗಳಲ್ಲಿ ಬಹುಪಾಲನ್ನು ರಚಿಸಿದವರು ಲೋಕೋಪಯೋಗಿ ಇಲಾಖೆಯ ವಾಸ್ತುಶಿಲ್ಪಿಗಳು. ಅವರಲ್ಲಿ ಮುಖ್ಯನಾದವನು ರಾಬರ್ಟ್ ಟಾರ್ ರಸೆಲ್. ಕನಾಟ್ ಪ್ಲೇಸಿನ ಕಂಬಗಳ ಸಾಲು ಅವನದು. ಜನಪಥದ ಮೇಲಿನ ಈಸ್ಟರ್ನ್ ಕೋರ್ಟ್, ವೆಸ್ಟರ್ನ್ ಕೋರ್ಟ್ ಅವನವು. ಸೇನಾ ಮಹಾದಂಡನಾಯಕನ ವಾಸಕ್ಕೆಂದು 1930ರಲ್ಲಿ ಪೂರ್ಣಗೊಂಡ ಫ್ಲ್ಯಾಗ್‌ಸ್ಟಾಫ್ ಹೌಸ್ ಕೂಡ ಅವನದೇ. ಇಂದಿನ ತೀನ್ ಮೂರ್ತಿ ಭವನವೆಂದರೆ ಅದೇ.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಡತವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುವವನು ಒಬ್ಬ, ಅದರ ಮೇಲೆ ಹೆಸರು ಉಳಿಯುವುದು ಇನ್ನೊಬ್ಬನದು. ರಸೆಲ್ ಇಲಾಖೆಯ ಮನುಷ್ಯ. ಇಷ್ಟು ಕೋಣೆ ಬೇಕು, ಇಷ್ಟು ಹಣ ಇದೆ, ಇಂಥ ದರ್ಜೆಯ ಅಧಿಕಾರಿ ಇರುತ್ತಾನೆ ಎಂದು ಟಿಪ್ಪಣಿ ಬರುತ್ತದೆ. ಅದಕ್ಕೆ ತಕ್ಕಂತೆ ನಕ್ಷೆ ತಯಾರಾಗುತ್ತದೆ. ಲುಟೆನ್ಸ್‌ನ ಗುಮ್ಮಟದಲ್ಲಿ ಕಾಣುವ ಕಲ್ಪನೆಯ ಎತ್ತರ ರಸೆಲ್‌ನಲ್ಲಿ ಇಲ್ಲ ಎಂಬುದನ್ನು ಒಪ್ಪಬೇಕು. ಕನಾಟ್ ಪ್ಲೇಸಿನಲ್ಲಿ ಒಂದು ಕಂಬವನ್ನು ನೋಡಿದರೆ ಉಳಿದದ್ದನ್ನೆಲ್ಲ ನೋಡಿದಂತೆ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಜೂನ್ ತಿಂಗಳ ಮಧ್ಯಾಹ್ನ ಅದೇ ಕಂಬಗಳ ಸಾಲಿನ ನೆರಳಿನಲ್ಲಿ ನಡೆದವರು ಆ ಮನುಷ್ಯನನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು. ಅವನಿಗೆ ತಿಳಿದಿದ್ದ ವಿದ್ಯೆ ಅದು: ಈ ಊರಿನ ಬಿಸಿಲಿನಲ್ಲಿ ಮನುಷ್ಯ ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು ಎಂಬುದು.

ಇನ್ನು ಮನೆಗೆ ಬರೋಣ. ರಾಷ್ಟ್ರಪತಿ ಭವನದಿಂದ ದಕ್ಷಿಣಕ್ಕೆ ಹೊರಟ ಸೌತ್ ಅವೆನ್ಯೂ ರಸ್ತೆ ನೇರವಾಗಿ ಬಂದು ನಿಲ್ಲುವುದು ಈ ಮನೆಯ ಬಳಿ. ಈ ಜಾಗದ ಆಯ್ಕೆಯೇ ಒಂದು ಆಜ್ಞೆಯಂತಿದೆ. ಬ್ರಿಟಿಷ್ ಭಾರತದಲ್ಲಿ ವೈಸರಾಯನ ಅನಂತರದ ಸ್ಥಾನ ಸೇನಾ ಮಹಾದಂಡನಾಯಕನದು. ಆದ್ದರಿಂದ ಅವನ ಮನೆ ವೈಸರಾಯನ ಮನೆಯ ಕಣ್ಣಳತೆಯಲ್ಲಿರಬೇಕು, ಅದಕ್ಕಿಂತ ಚಿಕ್ಕದಾಗಿರಬೇಕು, ಉಳಿದೆಲ್ಲರ ಮನೆಗಿಂತ ದೊಡ್ಡದಾಗಿರಬೇಕು. ಹೊಸ ದಿಲ್ಲಿಯಲ್ಲಿ ಮನೆಯ ಅಳತೆ, ಅಂಗಳದ ಅಳತೆ, ಅರಮನೆಯಿಂದ ಇರುವ ದೂರ ಎಲ್ಲವೂ ದರ್ಜೆಯನ್ನು ಅನುಸರಿಸಿದವು. ನಮ್ಮೂರ ಅಗ್ರಹಾರದಲ್ಲಿ ದೇವಸ್ಥಾನದಿಂದ ಎಷ್ಟನೆಯ ಮನೆ ಎಂಬುದಕ್ಕೆ ಇದ್ದ ಬೆಲೆ ಇಲ್ಲಿ ವೈಸರಾಯನಿಂದ ಎಷ್ಟನೆಯ ಮನೆ ಎಂಬುದಕ್ಕಿತ್ತು.

ಮನೆಯ ಮುಖಭಾಗ ಈ ದರ್ಜೆಯನ್ನೇ ಹೇಳುತ್ತದೆ. ಕಲ್ಲು ಮತ್ತು ಬಿಳಿಯ ಗಾರೆ, ಅಚ್ಚುಕಟ್ಟಾದ ಕಮಾನುಗಳು, ಎಡಕ್ಕೂ ಬಲಕ್ಕೂ ಒಂದೇ ತೂಕ. ಎದುರಿಗೆ ನಿಂತರೆ ಅಟೆನ್ಷನ್ ಹೇಳಿದಂತೆ ಆಗುತ್ತದೆ. ಸೈನಿಕನ ಮನೆಗೆ ಇದು ತಕ್ಕುದೇ ಎನ್ನಬಹುದು. ಆದರೆ ನಮ್ಮ ಅಭಿಪ್ರಾಯದಲ್ಲಿ ಇದು ಈ ಮನೆಯ ದುರ್ಬಲ ಭಾಗ. ಬಾ ಎಂದು ಕರೆಯುವ ಗುಣ ಇದಕ್ಕಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬೀದಿಗೆ ತಾಗಿಕೊಂಡು ಒಂದು ಜಗಲಿ ಇರುತ್ತದೆ. ದಾರಿಹೋಕನೂ ಅಲ್ಲಿ ಕುಳಿತು ನೀರು ಕೇಳಬಹುದು. ಇಲ್ಲಿ ಬೀದಿಗೂ ಬಾಗಿಲಿಗೂ ನಡುವೆ ಇರುವ ದೂರವೇ ಬಂದವನನ್ನು ಅರ್ಧ ಚಿಕ್ಕವನನ್ನಾಗಿ ಮಾಡುತ್ತದೆ.

ಸೊಗಸು ಇರುವುದು ಹಿಂದೆ. ಮನೆಯನ್ನು ಹಾದು ಹಿಂಬದಿಗೆ ಬಂದರೆ ವಿಶಾಲವಾದ ಹುಲ್ಲುಹಾಸು, ಹೂವಿನ ಪಾತಿಗಳು, ಹಳೆಯ ಮರಗಳು. ಮುಂಭಾಗದಲ್ಲಿ ಸೆಟೆದು ನಿಂತ ಕಟ್ಟಡ ಇಲ್ಲಿ ಮೈ ಸಡಿಲಿಸಿ ಕುಳಿತಂತೆ ತೋರುತ್ತದೆ. ನಾವು ಬಿ.ಎಸ್ಸಿ. ಓದುವಾಗ ಉಷ್ಣದ ಪಾಠದಲ್ಲಿ ಕಲಿತದ್ದನ್ನು ಈ ಗೋಡೆಗಳು ನೆನಪಿಗೆ ತರುತ್ತವೆ. ದಪ್ಪನೆಯ ಗೋಡೆಯ ಹೊರಮೈಗೆ ಬಿದ್ದ ಬಿಸಿಲು ಒಳಮೈಯನ್ನು ತಲುಪಲು ಹಲವು ಗಂಟೆ ಬೇಕು. ನಡುಹಗಲಿನ ಬೆಂಕಿ ಒಳಗೆ ಬರುವ ಹೊತ್ತಿಗೆ ಹೊರಗೆ ಸಂಜೆಯಾಗಿರುತ್ತದೆ. ಕಾದ ಗಾಳಿ ಮೇಲಕ್ಕೆ ಏರುವುದರಿಂದ ಎತ್ತರದ ಛಾವಣಿಯ ಕೆಳಗೆ ಇರುವವರಿಗೆ ಅದರ ಉಪದ್ರವ ಕಡಿಮೆ. ಜಗಲಿಯ ನೆರಳಿದ್ದಲ್ಲಿ ನೇರ ಬಿಸಿಲು ಗೋಡೆಯನ್ನು ಮುಟ್ಟುವುದೇ ಇಲ್ಲ. ರಾತ್ರಿ ಗೋಡೆ ತಾನು ನುಂಗಿದ ಶಾಖವನ್ನು ಒಳಗೆ ಬಿಡುತ್ತದೆ. ಆಗ ಮನೆಯವರು ಹುಲ್ಲಿನ ಮೇಲೋ ಮಾಳಿಗೆಯ ಮೇಲೋ ಇರಬೇಕು. ಕೂಲರ್, ಏರ್‌ಕಂಡಿಷನರ್ ಇಲ್ಲದ ಕಾಲದಲ್ಲಿ ಮನೆ ಎಂದರೆ ಕೋಣೆಗಳಷ್ಟೇ ಆಗಿರಲಿಲ್ಲ. ಹಗಲಿಗೆ ಒಳಗು, ಸಂಜೆಗೆ ಜಗಲಿ, ಇರುಳಿಗೆ ಬಯಲು ಹೀಗೆ ಮೂರೂ ಸೇರಿ ಮನೆಯಾಗಿತ್ತು. ರಸೆಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

ಇಲ್ಲಿ ನಮಗೆ ಹತ್ತಿರವಾದ ಒಂದು ಸಂಗತಿ ಇದೆ. ಮಹಾದಂಡನಾಯಕನ ಮನೆಯನ್ನು ರಚಿಸಿದ ಇದೇ ರಸೆಲ್ ಮತ್ತು ಅವನ ಕಚೇರಿಯವರು ಹೊಸ ದಿಲ್ಲಿಯ ಸರಕಾರಿ ನೌಕರರಿಗಾಗಿ ಸಾವಿರಾರು ಮನೆಗಳ ನಕ್ಷೆಯನ್ನೂ ತಯಾರಿಸಿದರು. ಅವುಗಳಲ್ಲಿ ಗುಮಾಸ್ತರ ಮನೆಗಳೂ ಸೇರಿದ್ದವು. ಗೋಲ್ ಮಾರ್ಕೆಟ್ಟಿನ ಸುತ್ತಮುತ್ತ ನಡುವೆ ಹುಲ್ಲಿನ ಚೌಕ, ಅದರ ಸುತ್ತ ಸಾಲುಮನೆಗಳು ಎಂಬ ಪದ್ಧತಿ ಆ ಕಾಲದ್ದು. ಮುಂದೆ ಸಣ್ಣ ಜಗಲಿ, ಹಿಂದೆ ಎತ್ತರದ ಗೋಡೆಯ ಅಂಗಳ, ನಡುವೆ ಎರಡು ಕೋಣೆ. ತೀನ್ ಮೂರ್ತಿಯ ಹುಲ್ಲುಹಾಸನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿ ಇಪ್ಪತ್ತು ಮನೆಗಳಿಗೆ ಹಂಚಿದರೆ ಗುಮಾಸ್ತರ ಚೌಕ ಸಿಗುತ್ತದೆ. ಅಳತೆಯಲ್ಲಿ ಆಕಾಶ ಭೂಮಿಯ ಅಂತರ, ವಿದ್ಯೆ ಮಾತ್ರ ಒಂದೇ: ಹಗಲಿಗೆ ಒಳಗು, ಸಂಜೆಗೆ ಜಗಲಿ, ಇರುಳಿಗೆ ಬಯಲು. ಬೇಸಗೆಯ ರಾತ್ರಿ ಅಂಗಳದಲ್ಲಿ ಹಗ್ಗದ ಮಂಚ ಹಾಕಿ ಮಲಗಿದ ಗುಮಾಸ್ತನೂ ಹುಲ್ಲುಹಾಸಿನಲ್ಲಿ ಅಡ್ಡಾಡಿದ ಸೇನಾಪತಿಯೂ ಒಬ್ಬನೇ ಶಿಲ್ಪಿಯ ಉಪಕಾರವನ್ನು ಪಡೆದವರು. ದರ್ಜೆಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಇಲಾಖೆಯೊಳಗೆ ನುಸುಳಿಕೊಂಡ ಸಮಾನತೆ ಇದು. ದೊಡ್ಡ ಮನೆಯನ್ನು ನಾವು ಮೆಚ್ಚುವುದು ಇದೊಂದು ಕಾರಣಕ್ಕೆ: ಅದರ ಒಳ್ಳೆಯ ಗುಣಗಳಾವುವೂ ಅದೊಂದಕ್ಕೇ ಸೇರಿದವಲ್ಲ.

ಮುಂದೆ ಕಾಲ ಬದಲಾಯಿತು. 1947ರವರೆಗೆ ಬ್ರಿಟಿಷ್ ಸೇನಾಪತಿಗಳು ಇಲ್ಲಿದ್ದರು; ಅವರಲ್ಲಿ ಕೊನೆಯವನು ಆಕಿನ್‌ಲೆಕ್. ಸ್ವಾತಂತ್ರ್ಯ ಬಂದಾಗ ಪ್ರಧಾನಿ ಜವಾಹರಲಾಲ್ ನೆಹರೂ ಇದ್ದದ್ದು ಯಾರ್ಕ್ ರಸ್ತೆಯ ಬಂಗಲೆಯಲ್ಲಿ. 1948ರ ಆಗಸ್ಟ್ ತಿಂಗಳಲ್ಲಿ ಅವರು ಈ ಮನೆಗೆ ಬಂದರು. ಮಹಾದಂಡನಾಯಕನ ಮನೆ ಪ್ರಧಾನಮಂತ್ರಿಯ ಮನೆಯಾಯಿತು. ಪ್ರಜಾಪ್ರಭುತ್ವದಲ್ಲಿ ಸೇನೆಯ ಸ್ಥಾನ ಯಾವುದು, ಚುನಾಯಿತ ಪ್ರತಿನಿಧಿಯ ಸ್ಥಾನ ಯಾವುದು ಎಂಬುದನ್ನು ಭಾಷಣದಲ್ಲಿ ಹೇಳುವುದಕ್ಕಿಂತ ಸ್ಪಷ್ಟವಾಗಿ ಈ ಒಂದು ಅಲಾಟ್‌ಮೆಂಟ್ ಹೇಳಿತು.

ಕನ್ನಡಿಗರಿಗೆ ಇದರಲ್ಲಿ ಒಂದು ವಿನೋದವೂ ಇದೆ. ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡದ್ದು 1949ರ ಜನವರಿ 15ರಂದು. ಆ ದಿನವನ್ನೇ ಇಂದಿಗೂ ಸೇನಾ ದಿನವೆಂದು ಆಚರಿಸುತ್ತಾರೆ. ಆ ಪದವಿಗೆಂದೇ ಕಟ್ಟಿದ್ದ ಮನೆ ಮಾತ್ರ ಐದು ತಿಂಗಳ ಹಿಂದೆಯೇ ಬೇರೆಯವರಿಗೆ ಹೋಗಿತ್ತು! ನಮ್ಮವರೊಬ್ಬರಿಗೆ ಮನೆ ತಪ್ಪಿತೆಂದು ಮರುಗಬೇಕೇ? ಬೇಕಿಲ್ಲ. ಆ ಮನೆ ಸೇನಾಪತಿಯ ಕೈಬಿಟ್ಟು ಹೋದದ್ದು ದೇಶಕ್ಕೆ ಒಳ್ಳೆಯದೇ ಆಯಿತು. ಹುದ್ದೆಗೆ ಬರುವ ಹೊತ್ತಿಗೆ ಕ್ವಾರ್ಟರ್ಸ್ ಕೈತಪ್ಪುವ ಅನುಭವ ಸೇನಾ ಮಹಾದಂಡನಾಯಕರಿಗೂ ಬಂದಿತ್ತಲ್ಲ ಎಂಬುದು ಮಾತ್ರ ವೇಟಿಂಗ್ ಲಿಸ್ಟಿನಲ್ಲಿ ವರ್ಷಗಟ್ಟಲೆ ಕಾದ ನಮ್ಮಂಥವರಿಗೆ ಸಮಾಧಾನ.

ನೆಹರೂ ಇಲ್ಲಿ ಸುಮಾರು ಹದಿನಾರು ವರ್ಷ ಇದ್ದರು. ಮಗಳು ಇಂದಿರಾ ಮನೆವಾರ್ತೆ ನೋಡಿಕೊಂಡರು. ಮೊಮ್ಮಕ್ಕಳಾದ ರಾಜೀವ್, ಸಂಜಯ್ ಇಲ್ಲಿ ಬೆಳೆದರು. ಹಿಮಾಲಯದ ಕೆಂಪು ಪಾಂಡಾಗಳನ್ನು ತೋಟದಲ್ಲಿ ಸಾಕಿದ್ದರು. ಬೆಳಗಿನ ಹೊತ್ತು ದೇಶದ ನಾನಾ ಮೂಲೆಗಳಿಂದ ಬಂದ ಸಾಮಾನ್ಯ ಜನ ಒಳಗೆ ಬಂದು ಪ್ರಧಾನಿಯನ್ನು ಕಂಡು ಹೋಗುತ್ತಿದ್ದರು. ಬಾ ಎಂದು ಕರೆಯಲಾರದ ಮುಖಭಾಗಕ್ಕೆ ಬಾಯಿ ಬಂದದ್ದು ಆಗ. ಮೊದಲ ಮಹಡಿಯ ಮಲಗುವ ಕೋಣೆ, ಓದುವ ಕೋಣೆ ಇವುಗಳನ್ನು ಇದ್ದಂತೆಯೇ ಉಳಿಸಿದ್ದಾರೆ. ಇಡೀ ಕಟ್ಟಡದ ಗಾತ್ರಕ್ಕೆ ಹೋಲಿಸಿದರೆ ಅವು ಸರಳ. ಮಂಚ, ಮೇಜು, ದೀಪ, ಪುಸ್ತಕಗಳು. 1964ರ ಮೇ 27ರಂದು ಅವರು ತೀರಿಕೊಂಡದ್ದು ಈ ಮನೆಯಲ್ಲಿಯೇ.

ಆ ಕೋಣೆಗಳ ಮುಂದೆ ನಿಂತಾಗ ನಮಗೆ ಅನ್ನಿಸಿದ್ದು ಇಷ್ಟು: ದೊಡ್ಡ ಮನೆಯನ್ನು ಪಡೆದವರು ಅದರಲ್ಲಿ ತಮಗೆ ಬೇಕಾದಷ್ಟನ್ನು ಮಾತ್ರ ಮನೆ ಮಾಡಿಕೊಳ್ಳುತ್ತಾರೆ, ಉಳಿದದ್ದು ಹುದ್ದೆಗೆ ಸೇರಿದ್ದು. ಅತಿಥಿಗಳ ಊಟದ ಹಜಾರ ಹುದ್ದೆಯದು, ಮುಂದಿನ ಮೆಟ್ಟಿಲು ಹುದ್ದೆಯದು; ಹಾಸಿಗೆಯ ಪಕ್ಕದ ಪುಸ್ತಕ ಮಾತ್ರ ಮನುಷ್ಯನದು. ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ದೇವರ ಗೂಡು ಇಟ್ಟ ಮೂಲೆ, ಊರಿನ ತಾಮ್ರದ ಹಂಡೆ ಇಟ್ಟ ಜಾಗ, ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳು, ಇಷ್ಟೇ ನಮ್ಮದು. ಉಳಿದದ್ದಕ್ಕೆಲ್ಲ ಇಲಾಖೆಯ ನಂಬರು ಇದೆ.

ಈಗ ನಮ್ಮ ಆಕ್ಷೇಪಣೆಗೆ ಬರುತ್ತೇವೆ. ನೆಹರೂ ತೀರಿಕೊಂಡ ಆರು ತಿಂಗಳೊಳಗೆ, 1964ರ ನವೆಂಬರ್ 14ರಂದು, ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಈ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅನಂತರ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಜನಪಥದ ಬಂಗಲೆಯಲ್ಲಿಯೇ ಉಳಿದರು. ಅಗಲಿದ ನಾಯಕನ ಮೇಲೆ ದೇಶಕ್ಕಿದ್ದ ಪ್ರೀತಿಯನ್ನು ನಾವು ಅರಿಯದವರಲ್ಲ. ಇಲ್ಲಿ ಬೆಳೆದ ಗ್ರಂಥಾಲಯ ಆಧುನಿಕ ಭಾರತದ ಚರಿತ್ರೆಯನ್ನು ಬರೆಯುವವರಿಗೆಲ್ಲ ಆಸರೆಯಾಗಿದೆ. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಬಳಿ ಕಲಿತು ಬಂದ ಮಾನ್‌ಸಿಂಗ್ ರಾಣಾ ಅವರು ಆವರಣದಲ್ಲಿ ಗ್ರಂಥಾಲಯದ ಕಟ್ಟಡವನ್ನೂ 1984ರಲ್ಲಿ ತೆರೆದ ತಾರಾಲಯವನ್ನೂ ಹಳೆಯ ಮನೆಗೆ ಎದುರಾಡದಂತೆ ರಚಿಸಿದ್ದಾರೆ. ಇವೆಲ್ಲ ಲಾಭವೇ. ಆದರೂ ಒಂದು ನಷ್ಟವಾಯಿತು. ಹುದ್ದೆಯ ಮನೆ ಹುದ್ದೆಗೆ ಹಿಂತಿರುಗಬೇಕು, ಒಬ್ಬರು ಬಿಟ್ಟಾಗ ಇನ್ನೊಬ್ಬರು ಬರಬೇಕು ಎಂಬ ನಿಯಮ ಅತ್ಯುನ್ನತ ಸ್ಥಾನದಲ್ಲಿಯೇ ಮುರಿಯಿತು. 1984ರ ಅಕ್ಟೋಬರ್ 31ರ ದುರಂತದ ಬಳಿಕ ಸಫ್ದರ್‌ಜಂಗ್ ರಸ್ತೆಯ ಇಂದಿರಾ ಗಾಂಧಿಯವರ ಮನೆಯೂ ಸ್ಮಾರಕವಾಯಿತು. ಶಾಸ್ತ್ರಿಗಳಿಗೂ ಅವರಿದ್ದ ಮನೆಯ ಆವರಣದಲ್ಲಿ ಸ್ಮಾರಕವಾಯಿತು. ಪ್ರಧಾನಿಗೆ ಇಂಥದೇ ಮನೆ ಎಂಬುದು ಬಹುಕಾಲ ಇರಲಿಲ್ಲ. 1980ರ ದಶಕದಲ್ಲಿ ರೇಸ್ ಕೋರ್ಸ್ ರಸ್ತೆಯ ಬಂಗಲೆಗಳು ಆ ಕೆಲಸಕ್ಕೆ ಬಂದವು. ಆ ಬಂಗಲೆಗಳೂ ನಮ್ಮ ರಸೆಲ್‌ನ ನಕ್ಷೆಯವೇ. ಆ ರಸ್ತೆಗೆ 2016ರಲ್ಲಿ ಲೋಕ ಕಲ್ಯಾಣ ಮಾರ್ಗ ಎಂದು ಹೆಸರಾಯಿತು.

ಮನೆ ಸ್ಮಾರಕವಾದಾಗ ಏನಾಗುತ್ತದೆ ಎಂಬುದನ್ನು ವಿಮರ್ಶಕರು ವಿಚಾರಿಸಬೇಕು. ಚಿತ್ರ, ಪತ್ರ, ಫಲಕ, ಗಾಜಿನ ಪೆಟ್ಟಿಗೆ ಇವು ಬಂದು ಗೋಡೆಯನ್ನು ಮುಚ್ಚುತ್ತವೆ. ಕಿಟಕಿಯ ಬೆಳಕು ಹಾಳೆಗಳಿಗೆ ಹಾನಿ ಎಂದು ಕಿಟಕಿಗಳಿಗೆ ಪರದೆ ಬೀಳುತ್ತದೆ. ಗಾಳಿಗೂ ನೆರಳಿಗೂ ರಚಿಸಿದ ಮನೆ ಕಿಟಕಿ ಮುಚ್ಚಿದ ಮೇಲೆ ತನ್ನ ಮಾತನ್ನು ಹೇಳುವುದು ಹೇಗೆ? ಎಲ್ಲ ಪ್ರಧಾನಮಂತ್ರಿಗಳ ಬದುಕನ್ನು ತೋರಿಸುವ ಹೊಸ ಸಂಗ್ರಹಾಲಯವು 2022ರ ಏಪ್ರಿಲ್ 14ರಂದು ಇಲ್ಲಿ ಉದ್ಘಾಟನೆಯಾಯಿತು. ಹಳೆಯ ಮನೆ ಅದರ ಮೊದಲನೆಯ ಭಾಗ, ಹೊಸ ಕಟ್ಟಡ ಎರಡನೆಯದು. ಒಟ್ಟು 43 ಗ್ಯಾಲರಿಗಳು. 2023ರಲ್ಲಿ ಸಂಸ್ಥೆಯ ಹೆಸರಿನಲ್ಲಿಯೂ ನೆಹರೂ ಬದಲಿಗೆ ಪ್ರಧಾನಮಂತ್ರಿಗಳು ಎಂದಾಯಿತು. ಹೆಸರಿನ ಕುರಿತು ಪರವಾಗಿಯೂ ವಿರೋಧವಾಗಿಯೂ ಸಾಕಷ್ಟು ಮಾತು ನಡೆದಿದೆ. ನಾವು ಅದಕ್ಕೆ ಇನ್ನೊಂದನ್ನು ಸೇರಿಸುವುದಿಲ್ಲ. 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗೆ ಪ್ರಧಾನಿಯಾಗಿದ್ದ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರಿಗೂ ಇಲ್ಲಿ ಸ್ಥಾನ ಸಿಕ್ಕಿದ್ದು ನಮ್ಮವರಿಗೆ ಸಂತೋಷವೇ. ನಮ್ಮ ಬೇಡಿಕೆ ಚಿಕ್ಕದು. ಆ 43 ಗ್ಯಾಲರಿಗಳ ನಡುವೆ ಮನೆಯ ಬಗ್ಗೆಯೇ ಒಂದು ಕೋಣೆ ಇರಲಿ. ಏನನ್ನೂ ತೂಗುಹಾಕದ ಕೋಣೆ. ಕಿಟಕಿ ತೆರೆದಿರಲಿ, ಒಂದು ಬೆಂಚು ಇರಲಿ, ರಸೆಲ್‌ನ ನಕ್ಷೆಯ ಪ್ರತಿ ಗೋಡೆಯ ಮೇಲಿರಲಿ. ಅದರ ಪಕ್ಕದಲ್ಲಿ ಅದೇ ಅಳತೆಯ ಚೌಕಟ್ಟಿನಲ್ಲಿ ಗುಮಾಸ್ತರ ಎರಡು ಕೋಣೆಯ ಮನೆಯ ನಕ್ಷೆಯೂ ಇರಲಿ. ಬಂದವರು ಹತ್ತು ನಿಮಿಷ ಕುಳಿತು ಹೋದರೆ ಯಾವ ಫಲಕವೂ ಹೇಳಲಾರದ ಚರಿತ್ರೆ ಅವರಿಗೆ ತಿಳಿಯುತ್ತದೆ.

ಗುಮಾಸ್ತರ ಮನೆಯ ನಕ್ಷೆಗೆ ಅಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ: ಇನ್ನು ಕೆಲವು ವರ್ಷಗಳಲ್ಲಿ ನಕ್ಷೆಯ ಹೊರತು ಬೇರೇನೂ ಉಳಿಯದಿರಬಹುದು. ಸ್ವಾತಂತ್ರ್ಯದ ಬಳಿಕ ಕಟ್ಟಿದ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮೊದಲಾದ ಏಳು ಸರಕಾರಿ ವಸತಿ ಕಾಲೋನಿಗಳನ್ನು ಕೆಡವಿ ಹೊಸದಾಗಿ ಕಟ್ಟಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿನ ಹಳೆಯ ಮರಗಳ ವಿಷಯ 2018ರಲ್ಲಿ ಹೈಕೋರ್ಟಿನವರೆಗೆ ಹೋಯಿತು. ಹಳೆಯ ಮನೆಗಳು ಸೋರುತ್ತಿದ್ದವು, ಗಾರೆ ಉದುರುತ್ತಿತ್ತು, ಊರಿಗೆ ಹೆಚ್ಚು ಮನೆಗಳು ಬೇಕಾಗಿದ್ದವು, ಇದನ್ನು ಅಲ್ಲಗಳೆಯುವಂತಿಲ್ಲ. ಹೊಸ ಗೋಪುರಗಳಲ್ಲಿ ಲಿಫ್ಟ್ ಇದೆ, ಕಾರು ನಿಲ್ಲಿಸಲು ಜಾಗ ಇದೆ. ಆದರೆ ಬಾಗಿಲು ತೆರೆದರೆ ಎದುರಿಗೆ ಹುಲ್ಲು, ಹುಲ್ಲಿನ ಆಚೆ ಇನ್ನೊಬ್ಬರ ಬಾಗಿಲು ಎಂಬ ಆ ಹಳೆಯ ಏರ್ಪಾಡು ಹೋಯಿತು. ನಾವು ಮೊದಲು ಸಂಸಾರ ಹೂಡಿದ ಕ್ವಾರ್ಟರ್ಸ್ ಕೂಡ ಈಗ ಇಲ್ಲ. ಈಚೆಗೆ ಆ ಕಡೆ ಹೋದಾಗ ತಗಡಿನ ಬೇಲಿ, ಅದರೊಳಗೆ ಕ್ರೇನು. ನಮ್ಮ ಸಾಲಿನ ಮೂಲೆಯಲ್ಲಿದ್ದ ಬೇವಿನ ಮರವೊಂದನ್ನು ಗುರುತು ಹಿಡಿದು, ಇಲ್ಲಿ ಅಡುಗೆಮನೆ, ಇಲ್ಲಿ ಜಗಲಿ ಎಂದು ಮಕ್ಕಳಿಗೆ ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದೆವು. ಆ ಜಗಲಿಯ ಮೇಲೆ ನಮ್ಮ ಮನೆಯವರು ಹಾಸಿದ ಬಿಳಿಯ ಪಂಚೆಯಲ್ಲಿ ಹಪ್ಪಳ ಒಣಗುತ್ತಿತ್ತು. ಎದುರುಮನೆಯ ಪಂಜಾಬಿ ಅಜ್ಜಿ ಕಾಗೆ ಓಡಿಸುತ್ತಿದ್ದರು.

ದೊಡ್ಡವರ ಮನೆಯನ್ನು ಉಳಿಸುತ್ತೇವೆ, ಸಣ್ಣವರ ಮನೆಯನ್ನು ಕೆಡಹುತ್ತೇವೆ, ಇದು ಲೋಕರೂಢಿ. ಅರಮನೆ ಉಳಿದು ಬೀದಿ ಅಳಿದ ಹಂಪೆಯನ್ನು ಕಂಡವರಿಗೆ ಇದು ಹೊಸದಲ್ಲ ಎನ್ನಬೇಕೆಂದಿದ್ದೆವು. ಆದರೆ ಹಂಪೆಯಲ್ಲಿ ಅರಮನೆಯ ಅಧಿಷ್ಠಾನವಷ್ಟೇ ಉಳಿದಿದೆ, ಬಜಾರಿನ ಕಲ್ಲುಕಂಬಗಳ ಸಾಲು ಇನ್ನೂ ನಿಂತಿದೆ! ಇದೇ ತೀನ್ ಮೂರ್ತಿಯ ಆವರಣದಲ್ಲಿ ಫಿರೋಜ್ ಷಾ ತುಘಲಕನ ಕಾಲದ ಕುಷಕ್ ಮಹಲ್ ಎಂಬ ಬೇಟೆಯ ಮನೆ ಇದೆ; ಹದಿನಾಲ್ಕನೆಯ ಶತಮಾನದ್ದು. ಸುಲ್ತಾನ, ಸೇನಾಪತಿ, ಪ್ರಧಾನಿ ಮೂವರ ಗುರುತೂ ಒಂದೇ ಬೇಲಿಯೊಳಗೆ ಸಿಗುತ್ತದೆ. ಸುಲ್ತಾನನ ಕುದುರೆ ಕಟ್ಟಿದವನು ಎಲ್ಲಿ ಮಲಗುತ್ತಿದ್ದ ಎಂದು ಕೇಳಿದರೆ ತೋರಿಸಲು ಒಂದು ಕಲ್ಲೂ ಇಲ್ಲ. ರಸೆಲ್‌ನ ಗುಮಾಸ್ತರ ಚೌಕಗಳಲ್ಲಿ ಒಂದನ್ನಾದರೂ, ಹತ್ತು ಮನೆಗಳ ಒಂದೇ ಒಂದು ಸಾಲನ್ನಾದರೂ, ಅಂಗಳ ಸಹಿತ ಉಳಿಸಿಕೊಂಡರೆ ಮುಂದಿನವರು ಆ ಪ್ರಶ್ನೆಗೆ ಉತ್ತರ ಕೊಡಬಹುದು.

ಕಡೆಗೆ ಮನೆಯ ಹೆಸರಿನ ಮಾತು. ಫ್ಲ್ಯಾಗ್‌ಸ್ಟಾಫ್ ಹೌಸ್ ಎಂದರೆ ಬಾವುಟದ ಕಂಬದ ಮನೆ. ಆ ಹೆಸರು ಹೋಗಿ ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಎದುರಿನ ವೃತ್ತದಲ್ಲಿ ನಿಂತ ಮೂರು ಕಂಚಿನ ಸೈನಿಕರಿಂದ. ಮನೆಗಿಂತ ಈ ಮೂರ್ತಿಗಳು ಹಳೆಯವು. ಲಿಯೊನಾರ್ಡ್ ಜೆನಿಂಗ್ಸ್ ಎಂಬ ಶಿಲ್ಪಿ ರಚಿಸಿದ ಈ ಸ್ಮಾರಕ 1922ರದು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರ ನೆನಪಿಗೆ ನಿಲ್ಲಿಸಿದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಕಾಳಗದಲ್ಲಿ ಜೋಧಪುರದವರೊಡನೆ ಮೈಸೂರು ಲಾನ್ಸರ್ಸ್ ಇದ್ದರು. ಪಟ್ಟಣದ ಮೇಲೆ ಕಾವಲಿದ್ದ ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿನ ಫಿರಂಗಿಗಳನ್ನು ವಶಪಡಿಸಿಕೊಂಡವರು ನಮ್ಮ ಮೈಸೂರಿನವರು. 2018ರ ಜನವರಿಯಲ್ಲಿ ಈ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ಮೈಸೂರಿನವನಂತೂ ನಮ್ಮವನೇ. ಕಲಬುರ್ಗಿ, ಬೀದರ್, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು ಎಂಬುದನ್ನು ನೆನೆದರೆ ಎರಡನೆಯವನೂ ನಮಗೆ ತೀರ ಪರಕೀಯನಲ್ಲ.

ಊರು ಬಿಟ್ಟು ಬಂದು, ಇನ್ನೊಬ್ಬರ ಯುದ್ಧದಲ್ಲಿ ಹೋರಾಡಿ, ದಿಲ್ಲಿಯ ರಸ್ತೆಯ ನಡುವೆ ಮನೆಯಿಲ್ಲದೆ ಬಿಸಿಲು ಮಳೆಗೆ ನಿಂತವನು ಆ ಮೈಸೂರಿನ ಸವಾರ. ಎದುರಿನ ದೊಡ್ಡ ಮನೆಯೊಳಗೆ ಅವನು ಒಂದು ದಿನವೂ ಕಾಲಿಟ್ಟವನಲ್ಲ. ಆದರೂ ಸೇನಾಪತಿಗಳು ಹೋದರು, ಪ್ರಧಾನಿಗಳು ಬಂದು ಹೋದರು, ಫಲಕದ ಮೇಲಿನ ಹೆಸರು ಹಲವು ಬಾರಿ ಬದಲಾಯಿತು. ಆಟೋದವನಿಗೆ ಇಂದಿಗೂ ನಾವು ಹೇಳುವುದು ತೀನ್ ಮೂರ್ತಿ ಎಂದೇ. ಅಷ್ಟು ದೊಡ್ಡ ಮನೆಗೆ ಹೆಸರು ಬಂದದ್ದು ಹೊರಗೆ ನಿಂತವರಿಂದ.

ಮುಂದಿನ ಸಲ ಊರಿನವರು ಬಂದಾಗ ಅವರನ್ನು ನೇರವಾಗಿ ಒಳಗೆ ಕರೆದೊಯ್ಯಬೇಡಿ. ಮೊದಲು ವೃತ್ತದ ಬದಿಯಲ್ಲಿ ವಾಹನಗಳ ಸಂದಣಿ ನೋಡಿಕೊಂಡು ನಿಂತು, ಅವನು ನಮ್ಮ ಕಡೆಯವನು ಎಂದು ತೋರಿಸಿ. ಆಮೇಲೆ ಒಳಗೆ ಹೋಗಿ ಮುಖಭಾಗವನ್ನು ಬೇಗ ದಾಟಿ ಹಿಂದಿನ ಹುಲ್ಲುಹಾಸಿಗೆ ಬನ್ನಿ. ಸಂಜೆ ನಾಲ್ಕರ ಬಳಿಕ ಅಲ್ಲಿ ನೆರಳು ಚೆನ್ನಾಗಿರುತ್ತದೆ.